ರಂಗನತಿಟ್ಟಿಗೆ ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗುವುದು ಹೇಗೆ: ಮೇಷ್ಟ್ರು, ಮಿಸ್‌ಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಮಕ್ಕಳನ್ನು ರಂಗನತಿಟ್ಟು ಪಕ್ಷಿಧಾಮಕ್ಕೆ ಕರೆದುಕೊಂಡು ಹೋದಾಗ ಎರಡು ಬಸ್ಸು ತುಂಬ ಮಕ್ಕಳಿದ್ದರು. ಬೆಳಿಗ್ಗೆ ಮೃಗಾಲಯ, ಆಮೇಲೆ ಅರಮನೆ, ಮಧ್ಯಾಹ್ನ 2 ಗಂಟೆಗೆ ರಂಗನತಿಟ್ಟು, ಸಂಜೆ ಬೃಂದಾವನ. ರಂಗನತಿಟ್ಟಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಅದರಲ್ಲಿ ಅರ್ಧದಷ್ಟು ಟಿಕೆಟ್ಟಿಗೆ, ಶೌಚಾಲಯದ ಸಾಲಿಗೇ ಹೋಯಿತು. ಮರುದಿನ ತರಗತಿಯಲ್ಲಿ ಏನೇನು ನೋಡಿದಿರಿ ಅಂತ ಕೇಳಿದೆ. "ಮೊಸಳೆ ಸಾರ್" ಅಂದರು ಎಲ್ಲರೂ. ಹಕ್ಕಿ? "ಬೆಳ್ಳಗಿದ್ವು ಸಾರ್." ಅಷ್ಟೇ. ಮಕ್ಕಳ ತಪ್ಪು ಇದರಲ್ಲಿ ಏನೂ ಇರಲಿಲ್ಲ. ನೋಡುವುದಕ್ಕೆ ನಾನು ಅವರಿಗೆ ಪುರುಸೊತ್ತೇ ಕೊಟ್ಟಿರಲಿಲ್ಲ.

ಆಮೇಲೆ ಹಲವು ಸಲ ಹೋಗಿ ಬಂದಿದ್ದೇನೆ. ಈಗ ಗುರಿ ಒಂದೇ. ಪ್ರತಿ ಮಗುವೂ ಒಂದು ಹಕ್ಕಿಯನ್ನು ಹತ್ತು ನಿಮಿಷ ಬಿಡದೆ ನೋಡಬೇಕು. ಇಪ್ಪತ್ತು ಹಕ್ಕಿಗಳ ಹೆಸರು ಬರೆದುಕೊಳ್ಳುವುದಕ್ಕಿಂತ ಇದು ದೊಡ್ಡದು. ಈ ಬರಹದಲ್ಲಿರುವುದೆಲ್ಲ ಆ ಹತ್ತು ನಿಮಿಷಕ್ಕೆ ಮಾಡಿಕೊಳ್ಳುವ ಸಿದ್ಧತೆ.

ಮೊದಲು: ಒಂದೇ ಜಾಗ, ಕಡಿಮೆ ಮಕ್ಕಳು

ಒಂದು ದಿನಕ್ಕೆ ಒಂದೇ ಜಾಗ. ಇದರಲ್ಲಿ ರಾಜಿ ಬೇಡ. ಅರಮನೆ, ಮೃಗಾಲಯ, ಕೆಆರ್‌ಎಸ್ ಎಲ್ಲ ಇನ್ನೊಂದು ದಿನಕ್ಕೆ ಇರಲಿ. "ಅಷ್ಟು ದೂರ ಹೋಗಿ ಒಂದೇ ನೋಡ್ಕೊಂಡು ಬರೋದಾ?" ಅಂತ ಪೋಷಕರು ಕೇಳುತ್ತಾರೆ. ಮೈಸೂರಿನಿಂದ ರಂಗನತಿಟ್ಟಿಗೆ 20 ಕಿಲೋಮೀಟರ್ ಕೂಡ ಇಲ್ಲ, ಶ್ರೀರಂಗಪಟ್ಟಣಕ್ಕಂತೂ ಕೂಗಳತೆ. ಮತ್ತೆ ಹೋಗಬಹುದು ಅಂತ ಹೇಳಿ.

ಮಕ್ಕಳು 30ಕ್ಕಿಂತ ಜಾಸ್ತಿ ಬೇಡ. ಆರು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲಿ. ಶಾಲೆಯಲ್ಲಿ ಅಷ್ಟು ಶಿಕ್ಷಕರು ಇರುವುದಿಲ್ಲ, ಗೊತ್ತು. ಪೋಷಕರನ್ನು ಕರೆಯಿರಿ. ನದಿಯಲ್ಲಿ ಮೀನು ಹಿಡಿದವರು, ಗದ್ದೆ ಮಾಡುವವರು ಬಂದರೆ ಇನ್ನೂ ಒಳ್ಳೆಯದು. ಗದ್ದೆಯಲ್ಲಿ ಉಳುವಾಗ ಹಿಂದೆ ಹಿಂದೆ ಬರುವ ಬೆಳ್ಳಕ್ಕಿಯ ಬಗ್ಗೆ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಯಾವ ತರಗತಿ? 5ರಿಂದ 8ನೇ ತರಗತಿಯವರಿಗೆ ಇದು ಚೆನ್ನಾಗಿ ಹೊಂದುತ್ತದೆ. ತೀರಾ ಚಿಕ್ಕವರಿಗೆ ದೋಣಿಯಲ್ಲಿ ಅಲುಗಾಡದೆ ಕೂರುವುದು ಕಷ್ಟ. ಅವರಿಗೆ ಶಾಲೆಯ ಹಿಂದಿನ ಮರವೇ ಸಾಕು.

ಯಾವ ತಿಂಗಳು, ಯಾವ ಹೊತ್ತು

ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹೋಗಿ. ಆಗ ವಲಸೆ ಹಕ್ಕಿಗಳೂ ಇರುತ್ತವೆ, ಗೂಡು ಕಟ್ಟುವ ಕೆಲಸವೂ ನಡೆದಿರುತ್ತದೆ. ಮಾರ್ಚ್‌ನಲ್ಲಿ ಮರಿಗಳು ಚೆನ್ನಾಗಿ ಕಾಣುತ್ತವೆ, ಆದರೆ ಆಗ ಪರೀಕ್ಷೆ ಬಂದಿರುತ್ತದೆ, ಬಿಸಿಲೂ ಏರಿರುತ್ತದೆ.

ಜುಲೈ, ಆಗಸ್ಟ್ ಬೇಡವೇ ಬೇಡ. ಕೆಆರ್‌ಎಸ್ 124.80 ಅಡಿಗೆ ತುಂಬಿ ಗೇಟು ತೆಗೆದರೆ ಆ ನೀರು ನೇರ ಇಲ್ಲಿಗೇ ಬರುತ್ತದೆ. ನಡುಗಡ್ಡೆಗಳು ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ. ಒಂದು ವರ್ಷ ನಾವು ವಿಚಾರಿಸದೆ ಹೋಗಿ, ಕೆಂಪು ನೀರು ನೋಡಿಕೊಂಡು ವಾಪಸು ಬಂದೆವು. ಬುತ್ತಿ ಬಸ್ಸಿನಲ್ಲೇ ತಿಂದಾಯಿತು. ಮಕ್ಕಳ ಮುಖ ಇನ್ನೂ ನೆನಪಿದೆ. ಯಾವ ತಿಂಗಳಲ್ಲೇ ಹೋಗಿ, ಹಿಂದಿನ ದಿನ ಫೋನ್ ಮಾಡಿ "ದೋಣಿ ಇದೆಯಾ?" ಅಂತ ಕೇಳಿಬಿಡಿ.

ಹೊತ್ತು ಬೆಳಗಿನದೇ ಆಗಲಿ. ಗೇಟು ತೆಗೆಯುವ ಹೊತ್ತಿಗೆ ನೀವು ಅಲ್ಲಿರಬೇಕು. ಭಾನುವಾರ, ರಜಾ ದಿನ ಬಿಡಿ. ಆ ಜನಸಂದಣಿಯಲ್ಲಿ ಮಕ್ಕಳಿಗೆ ಪಿಸುಮಾತು ಕಲಿಸಲು ಆಗುವುದಿಲ್ಲ.

ನೀವು ಮೊದಲೊಮ್ಮೆ ಹೋಗಿ ಬನ್ನಿ

ಮಕ್ಕಳನ್ನು ಕರೆದೊಯ್ಯುವ ಒಂದೆರಡು ವಾರ ಮೊದಲು ನೀವು ಹೋಗಿ ಬರಲೇಬೇಕು. ಬಸ್ಸು ನಿಲ್ಲುವ ಜಾಗ, ಶೌಚಾಲಯ, ಕುಡಿಯುವ ನೀರು, ನೆರಳು ನೋಡಿಟ್ಟುಕೊಳ್ಳಿ. ನದಿಯ ದಡಕ್ಕೆ ಎಲ್ಲಿ ತಡೆ ಇಲ್ಲವೋ ಅದನ್ನು ಮುಖ್ಯವಾಗಿ ನೋಡಿ. ಇಲ್ಲಿ ಮೊಸಳೆಗಳಿವೆ. ಯಾವ ಮಗುವೂ ನೀರಿಗೆ ಕೈ ಹಾಕಬಾರದು.

ಆ ದಿನ ದೋಣಿ ನಡೆಸುವ ಅಣ್ಣಂದಿರ ಜೊತೆ ಸ್ವಲ್ಪ ಹೊತ್ತು ಮಾತಾಡಿ. ದಿನಾ ಅದೇ ನೀರಿನಲ್ಲಿ ಇರುವವರು ಅವರು. ಯಾವ ಬಂಡೆಯ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತದೆ, ಯಾವ ಮರದಲ್ಲಿ ಈ ವರ್ಷ ಗೂಡು ಜಾಸ್ತಿ, ಎಲ್ಲ ಹೇಳುತ್ತಾರೆ. "ಅಣ್ಣಾ, ನಮ್ಮ ಮಕ್ಕಳಿಗೆ ಸ್ವಲ್ಪ ನಿಧಾನ ತೋರಿಸಿ, ಒಂದು ಮರದ ಹತ್ತಿರ ಹತ್ತು ನಿಮಿಷ ನಿಲ್ಲಿಸಿ" ಅಂತ ಅವತ್ತೇ ಕೇಳಿಕೊಳ್ಳಿ. ಶಾಲೆಯ ಗುಂಪಿಗೆ ಬೇರೆ ದೋಣಿ ಸಿಗುತ್ತದಾ, ಒಂದು ದೋಣಿಗೆ ಎಷ್ಟು ಜನ ಅಂತಲೂ ತಿಳಿದುಕೊಳ್ಳಿ. ಮಕ್ಕಳ ಗುಂಪು ಮಾಡುವಾಗ ಆ ಲೆಕ್ಕ ಬೇಕಾಗುತ್ತದೆ.

ಕಾಗದ ಪತ್ರ

ಮುಖ್ಯ ಶಿಕ್ಷಕರ ಸಹಿ ಇರುವ ಪತ್ರ ಅರಣ್ಯ ಇಲಾಖೆಗೆ ಕೊಡಿ. ದಿನಾಂಕ, ಮಕ್ಕಳ ಸಂಖ್ಯೆ, ತರಗತಿ, ಬರುವ ಹೊತ್ತು ಅದರಲ್ಲಿರಲಿ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯಾ, ಇಲಾಖೆಯವರು ಯಾರಾದರೂ ಜೊತೆಗೆ ಬಂದು ವಿವರಿಸುತ್ತಾರಾ ಅಂತ ಪತ್ರದಲ್ಲೇ ಕೇಳಿ. ಸರ್ಕಾರಿ ಶಾಲೆಯಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ತಿಳಿಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ಒಂದು ಮಾತು ಹೇಳಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಕಾಡು ತೋರಿಸಲು ಅರಣ್ಯ ಇಲಾಖೆ 'ಚಿಣ್ಣರ ವನ ದರ್ಶನ' ಅಂತ ಒಂದು ಕಾರ್ಯಕ್ರಮ ನಡೆಸುತ್ತದೆ. ನಿಮ್ಮ ಶಾಲೆಗೆ ಅದು ಸಿಗುತ್ತದಾ ಅಂತ ಹತ್ತಿರದ ವಲಯ ಅರಣ್ಯಾಧಿಕಾರಿಗಳನ್ನು ವಿಚಾರಿಸಿ.

ಪೋಷಕರ ಒಪ್ಪಿಗೆ ಪತ್ರದಲ್ಲಿ ಮೂರು ವಿಷಯ ಬರೆಸಿಕೊಳ್ಳಿ: ಮಗುವಿಗೆ ಯಾವುದರಿಂದ ಅಲರ್ಜಿ, ಬಸ್ಸಿನಲ್ಲಿ ವಾಂತಿಯಾಗುತ್ತದಾ, ತುರ್ತಿಗೆ ಯಾವ ನಂಬರಿಗೆ ಫೋನ್ ಮಾಡಬೇಕು. ಮೂರ್ಛೆ, ಉಬ್ಬಸ ಇರುವ ಮಕ್ಕಳನ್ನು ಬಿಟ್ಟು ಹೋಗಬೇಡಿ. ಅವರ ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ಕರೆದುಕೊಳ್ಳಿ.

ಹಿಂದಿನ ವಾರ, ಶಾಲೆಯಲ್ಲೇ

ನನ್ನ ಪ್ರಕಾರ ಅರ್ಧ ಕಾರ್ಯಕ್ರಮ ಇಲ್ಲೇ ಮುಗಿಯುತ್ತದೆ. ಇದನ್ನು ಮಾಡದೆ ಹೋದರೆ ಅದು ಪಿಕ್ನಿಕ್ ಅಷ್ಟೇ.

ಮೊದಲ ದಿನ ಒಂದು ಹಳೇ ಪೇಪರನ್ನು ಕೊಳವೆಯ ಹಾಗೆ ಸುತ್ತಿಸಿ. ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಕೊಳವೆ ಹಿಡಿದು, ಶಾಲೆಯ ಅಂಗಳದ ಒಂದು ಕಾಗೆಯನ್ನು ಐದು ನಿಮಿಷ ನೋಡಲಿ. ಸುಮ್ನೆ ನೋಡಿ ಅಂದರೆ ಮಕ್ಕಳ ಕಣ್ಣು ಎಲ್ಲ ಕಡೆ ಓಡುತ್ತದೆ. ಕೊಳವೆ ಕೊಟ್ಟರೆ ಒಂದು ಕಡೆ ನಿಲ್ಲುತ್ತದೆ. ಆಮೇಲೆ ಕೇಳಿ: ಕಾಗೆ ನಡೆಯುತ್ತದಾ, ಕುಪ್ಪಳಿಸುತ್ತದಾ? ಕತ್ತು ಯಾವ ಬಣ್ಣ? ದಿನಾ ನೋಡುವ ಕಾಗೆಯ ಬಗ್ಗೆ ತಮಗೆ ಇದು ಗೊತ್ತಿಲ್ಲ ಅಂತ ಮಕ್ಕಳಿಗೇ ಆಶ್ಚರ್ಯವಾಗುತ್ತದೆ. ದುರ್ಬೀನು ಇದ್ದರೆ ಅದನ್ನು ಹಿಡಿಯುವುದನ್ನೂ ಇಲ್ಲೇ ಕಲಿಸಿ. ಮೊದಲು ಬರಿಗಣ್ಣಲ್ಲಿ ಹಕ್ಕಿ ಹುಡುಕಿ, ಕಣ್ಣು ತೆಗೆಯದೆ ದುರ್ಬೀನನ್ನು ಕಣ್ಣಿಗೆ ತರಬೇಕು. ದೋಣಿಯಲ್ಲಿ ಇದನ್ನು ಕಲಿಸುವುದಕ್ಕೆ ಸಮಯ ಸಿಗುವುದಿಲ್ಲ.

ಎರಡನೇ ದಿನದ ಆಟ ನನಗೆ ತುಂಬ ಇಷ್ಟ. ಎರಡು ಬಕೆಟ್ ತನ್ನಿ. ನೀರು ತುಂಬಿ, ಎರಡು ಹಿಡಿ ಮಣ್ಣು ಕಲಸಿ ರಾಡಿ ಮಾಡಿ. ತಳಕ್ಕೆ ಇಪ್ಪತ್ತು ಹುಣಸೆ ಬೀಜ ಹಾಕಿ. ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ. ತೋರುಬೆರಳು, ಹೆಬ್ಬೆರಳು ಎರಡನ್ನೂ ಸ್ವಲ್ಪ ತೆರೆದು ಕೊಕ್ಕಿನ ಹಾಗೆ ನೀರಿಗೆ ಇಳಿಸಿ, ಆ ಕಡೆ ಈ ಕಡೆ ಆಡಿಸಲಿ. ಬೀಜ ತಾಗಿದ ತಕ್ಷಣ ಮುಚ್ಚಬೇಕು. ಒಂದು ನಿಮಿಷಕ್ಕೆ ಎಷ್ಟು ಸಿಕ್ಕಿತು, ಎಣಿಸಿ.

ಬಣ್ಣದ ಕೊಕ್ಕರೆ ಊಟ ಹುಡುಕುವುದು ಹೀಗೆಯೇ. ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಅದ್ದಿ ಅತ್ತಿತ್ತ ಬೀಸುತ್ತದೆ, ಕಾಲಲ್ಲಿ ಕೆಸರು ಕದಡುತ್ತದೆ, ಮೀನು ತಾಗಿದರೆ ಟಕ್ ಅಂತ ಮುಚ್ಚುತ್ತದೆ. ಕಣ್ಣಿಗಿಂತ ಕೊಕ್ಕಿನ ತುದಿಯೇ ಅದಕ್ಕೆ ಮುಖ್ಯ. ಆಟ ಮೊದಲು ಆಡಿಸಿ, ಇದನ್ನು ಆಮೇಲೆ ಹೇಳಿ. ಆ ಮಕ್ಕಳು ರಂಗನತಿಟ್ಟಿನಲ್ಲಿ ಕೊಕ್ಕರೆಯನ್ನು ಕಂಡಾಗ ಅವರ ಬೆರಳು ತಾನಾಗಿಯೇ ತೆರೆದುಕೊಳ್ಳುವುದನ್ನು ನಾನು ನೋಡಿದ್ದೇನೆ.

ಮೂರನೇ ದಿನ ಕತೆ ಹೇಳಿ. ನಮ್ಮ ಕಡೆ ತಿಟ್ಟು ಅಂದರೆ ಎತ್ತರದ ದಿಬ್ಬ, ಮಕ್ಕಳಿಗೆ ಈ ಮಾತು ಗೊತ್ತು. ಈ ತಿಟ್ಟುಗಳು ಮೊದಲಿನಿಂದಲೂ ಹೀಗೇ ಇದ್ದವಲ್ಲ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿದರು. ನೀರು ನಿಂತು ಹರಡಿದಾಗ ಎತ್ತರದ ಜಾಗಗಳು ನಡುಗಡ್ಡೆಯಾಗಿ ಉಳಿದವು. ಸುತ್ತ ನೀರು, ನಡುವೆ ಮರ. ಬೆಕ್ಕು, ನಾಯಿ ಸುಲಭವಾಗಿ ಬರುವ ಹಾಗಿಲ್ಲ. ಹಕ್ಕಿಗಳಿಗೆ ಇದಕ್ಕಿಂತ ಒಳ್ಳೆಯ ಬಾಣಂತಿ ಕೋಣೆ ಎಲ್ಲಿ ಸಿಗಬೇಕು? ಪಕ್ಷಿ ತಜ್ಞ ಸಲೀಂ ಅಲಿ ಇದನ್ನು ನೋಡಿ ಮೈಸೂರು ಮಹಾರಾಜರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ತಾಣಗಳ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು, ಕರ್ನಾಟಕದಲ್ಲಿ ಮೊದಲನೆಯದು. ಈ ಇತಿಹಾಸವನ್ನೆಲ್ಲ ಶಾಲೆಯಲ್ಲೇ ಮುಗಿಸಿ. ದೋಣಿಯಲ್ಲಿ ನಾವು ಇಸವಿ ಹೇಳುತ್ತಾ ಕೂತರೆ ಹಕ್ಕಿ ಹಾರಿಹೋಗಿರುತ್ತದೆ.

ಬ್ಯಾಗಿನಲ್ಲಿ ಏನಿರಬೇಕು

ಪ್ರತಿ ಮಗುವಿಗೆ ನೀರಿನ ಬಾಟಲಿ, ಟೋಪಿ, ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ಸಿಲ್. ದಾರ ಯಾಕೆ ಅಂದರೆ ನೀರಿಗೆ ಬಿದ್ದ ಪೆನ್ಸಿಲ್ ಹಿಡಿಯಲು ಮಗು ಬಗ್ಗುತ್ತದೆ. ಬಟ್ಟೆ ಹಸಿರು, ಕಂದು, ಬೂದು ಬಣ್ಣದ್ದಾಗಲಿ. ಸೆಂಟು, ಪೌಡರು ಬೇಡ, ಜೇನುನೊಣಗಳು ಮುತ್ತಬಹುದು. ಬುತ್ತಿಗೆ ಪುಳಿಯೋಗರೆ, ಚಿತ್ರಾನ್ನ ಒಳ್ಳೆಯದು, ಬೇಗ ಹಳಸುವುದಿಲ್ಲ. ಸ್ಟೀಲ್ ಡಬ್ಬಿಯಲ್ಲೇ ತರಲಿ. ಚಿಪ್ಸ್ ಪ್ಯಾಕೆಟ್ ತರಬೇಡಿ ಅಂತ ಮೊದಲೇ ಹೇಳಿ. ನಿಮ್ಮ ಬ್ಯಾಗಿನಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಓಆರ್‌ಎಸ್ ಪುಡಿ, ಕಸಕ್ಕೆ ಒಂದು ದೊಡ್ಡ ಚೀಲ, ಮಕ್ಕಳ ಪಟ್ಟಿಯ ಎರಡು ಪ್ರತಿ.

ಆ ದಿನ

ಗೇಟಿನ ಹೊರಗೇ ನಿಂತು ಎಣಿಸಿ. ಶೌಚಾಲಯ ಮೊದಲು ಮುಗಿಯಲಿ. ನಿಯಮ ಮೂರು ಮಾತ್ರ ಹೇಳಿ: ಓಡಬಾರದು, ಕೂಗಬಾರದು, ನೀರಿಗೆ ಕೈ ಹಾಕಬಾರದು. ಹತ್ತು ನಿಯಮ ಹೇಳಿದರೆ ಒಂದೂ ನೆನಪಿರುವುದಿಲ್ಲ. ಮಾತಿನ ಬದಲು ಕೈ ಸನ್ನೆ ಇಟ್ಟುಕೊಳ್ಳಿ. ಕೈ ಎತ್ತಿದರೆ ನಿಲ್ಲಬೇಕು, ಅಂಗೈ ಕೆಳಗೆ ಮಾಡಿದರೆ ಕೂರಬೇಕು. ಇದು ಮಕ್ಕಳಿಗೆ ಆಟದ ಹಾಗಿರುತ್ತದೆ, ಖುಷಿಯಿಂದ ಮಾಡುತ್ತಾರೆ.

ನೇರ ದೋಣಿಗೆ ಓಡಿಸಬೇಡಿ. ಮೊದಲು ದಡದ ದಾರಿಯಲ್ಲಿ ನಿಧಾನ ನಡೆಸಿ. ಬಿದಿರ ಮೆಳೆ, ಹೊಳೆಮತ್ತಿ ಮರ, ಮರದಲ್ಲಿ ತಲೆಕೆಳಗಾಗಿ ನೇತಾಡುವ ದೊಡ್ಡ ಬಾವಲಿಗಳು ಸಿಗುತ್ತವೆ. ಒಂದು ಕಡೆ ಎಲ್ಲರನ್ನೂ ಕೂರಿಸಿ, ಕಣ್ಣು ಮುಚ್ಚಿಸಿ, ಎರಡು ನಿಮಿಷ ಕೇಳಿಸಿ. ಕೇಳಿದ ಒಂದೊಂದು ಸದ್ದಿಗೂ ಒಂದೊಂದು ಬೆರಳು ಮಡಚಲಿ. ಅಷ್ಟರಲ್ಲಿ ಬಸ್ಸಿನ ಗಲಾಟೆ ಮಕ್ಕಳ ಮೈಯಿಂದ ಇಳಿದಿರುತ್ತದೆ.

ದೋಣಿಗೆ ಹತ್ತುವಾಗ ಲೈಫ್ ಜಾಕೆಟ್‌ನ ಬಕಲ್ ಒಂದೊಂದನ್ನೂ ನೀವೇ ಎಳೆದು ನೋಡಿ. ತುದಿಗಳಲ್ಲಿ ದೊಡ್ಡವರು, ನಡುವೆ ಮಕ್ಕಳು. ಯಾರೂ ಎದ್ದು ನಿಲ್ಲುವ ಹಾಗಿಲ್ಲ, ಮೊಸಳೆ ಕಂಡರೂ.

ಮೊಸಳೆ ಮೊದಲು ಕಾಣಲಿ, ಒಳ್ಳೆಯದೇ. ಮಕ್ಕಳ ಮನಸ್ಸು ಅದನ್ನು ನೋಡುವವರೆಗೆ ಬೇರೆ ಕಡೆ ಹೋಗುವುದಿಲ್ಲ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದರೆ "ಕಚ್ಚಕ್ಕೆ ಕಾಯ್ತಾ ಅದೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೈಯ ಬಿಸಿಯನ್ನು ಹದಕ್ಕೆ ತಂದುಕೊಳ್ಳಲು ಅದು ಬಾಯಿ ತೆರೆದಿರುತ್ತದೆ ಅಂತ ಹೇಳಿ, ಮುಂದೆ ಹೋಗಿ.

ಆಮೇಲೆ ಗೂಡುಗಳಿರುವ ಮರದ ಹತ್ತಿರ, ಹಕ್ಕಿ ಬೆದರದಷ್ಟು ದೂರದಲ್ಲಿ ದೋಣಿ ನಿಲ್ಲಿಸಿ. ಇದೇ ಆ ಹತ್ತು ನಿಮಿಷ. ಹೆಸರು ಹೇಳಬೇಡಿ. "ಒಬ್ಬೊಬ್ಬರೂ ಒಂದೊಂದು ಹಕ್ಕಿ ಆರಿಸಿಕೊಳ್ಳಿ, ಅದು ಏನು ಮಾಡುತ್ತೆ ನೋಡಿ" ಅನ್ನಿ, ಸಾಕು. ಮೊದಲ ಎರಡು ನಿಮಿಷ ಕಷ್ಟ. ಮಕ್ಕಳು ಮಿಸುಕಾಡುತ್ತಾರೆ, ನಿಮ್ಮ ಮುಖ ನೋಡುತ್ತಾರೆ. ನೀವೂ ಹಕ್ಕಿಯನ್ನೇ ನೋಡುತ್ತಿರಿ. ಮೂರನೇ ನಿಮಿಷಕ್ಕೆ ದೋಣಿ ತಣ್ಣಗಾಗುತ್ತದೆ.

ಒಂದು ಸಲ ಫೆಬ್ರವರಿ ಕೊನೆಯಲ್ಲಿ, ಬಿಸಿಲು ಏರಿದ್ದ ಹೊತ್ತು. ಏಳನೇ ತರಗತಿಯ ಹುಡುಗಿಯೊಬ್ಬಳು ಬಣ್ಣದ ಕೊಕ್ಕರೆಯ ಗೂಡೊಂದನ್ನು ನೋಡಲು ಆರಿಸಿಕೊಂಡಳು. ತಾಯಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ಎರಡೂ ರೆಕ್ಕೆ ಅರ್ಧ ಬಿಚ್ಚಿ ಇಳಿಬಿಟ್ಟಿತ್ತು. ಹಾರಲೂ ಇಲ್ಲ, ಮಡಚಲೂ ಇಲ್ಲ. ಐದಾರು ನಿಮಿಷ ಹಾಗೇ ಇತ್ತು. ಹುಡುಗಿ ನನ್ನ ತೋಳು ಜಗ್ಗಿದಳು. "ಸಾರ್, ಕೆಳಗೆ ಮರಿ ಅದೆ. ಅದಕ್ಕೆ ಛತ್ರಿ ಹಿಡ್ಕೊಂಡದೆ." ಹೌದು, ರೆಕ್ಕೆಯ ನೆರಳಿನಲ್ಲಿ ಎರಡು ಮರಿಗಳಿದ್ದವು. ನನಗೆ ಕಂಡಿರಲಿಲ್ಲ. ಇದು ಯಾವ ಪಾಠದಲ್ಲೂ ಇರಲಿಲ್ಲ, ಆ ಮಗು ತಾನೇ ಕಂಡುಹಿಡಿದದ್ದು.

ಹತ್ತು ನಿಮಿಷ ಆದಮೇಲೆ ಹೆಸರು ಹೇಳಿ, ಕತೆ ಹೇಳಿ. ಹೇಳುವುದಕ್ಕೆ ಇಲ್ಲಿ ಬೇಕಾದಷ್ಟಿದೆ. ಬಣ್ಣದ ಕೊಕ್ಕರೆಯ ಕಾಲು ಗುಲಾಬಿ ಬಣ್ಣದ್ದು, ಆದರೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಾಣುತ್ತದೆ. ಬಿಸಿಲಿಗೆ ಅದು ತನ್ನ ಕಾಲಿನ ಮೇಲೇ ಹಿಕ್ಕೆ ಹಾಕಿಕೊಳ್ಳುತ್ತದೆ, ಅದು ಆರುವಾಗ ಮೈ ತಂಪಾಗುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಆದರೆ ಬೆವರು ಆರಿದಾಗ ನಮಗೂ ಯಾಕೆ ತಂಪು ಅನ್ನುವ ವಿಜ್ಞಾನದ ಪಾಠ ಅಲ್ಲೇ ತಲೆಗೆ ಹತ್ತಿರುತ್ತದೆ.

ಬಾಯ್ಕಳಕ ಕೊಕ್ಕರೆ (ಓಪನ್‌ಬಿಲ್) ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಬಸವನಹುಳು ಅದರ ಮುಖ್ಯ ಊಟ. ಮರಿಗಳ ಕೊಕ್ಕಿನಲ್ಲಿ ಆ ಸಂದು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಹಾಗಾಗಿ ಯಾವುದು ಮರಿ, ಯಾವುದು ದೊಡ್ಡದು ಅಂತ ಮಕ್ಕಳೇ ಕೊಕ್ಕು ನೋಡಿ ಹೇಳಬಹುದು. ನೀರುಕಾಗೆ ರೆಕ್ಕೆ ಹರಡಿ ಕೂತಿದ್ದರೆ ಬಟ್ಟೆ ಒಣಗಿಸುವ ಹಾಗೆ ಒಣಗಿಸುತ್ತಿದೆ ಅಂತ ತಿಳಿಯಿರಿ. ಅದರ ಗರಿ ನೆನೆಯುತ್ತದೆ, ನೆನೆದರೆ ಮುಳುಗುವುದು ಸುಲಭ. ಹೆಜ್ಜಾರ್ಲೆ (ಪೆಲಿಕನ್) ಗಂಟಲ ಚೀಲದಲ್ಲಿ ಮೀನು ಕೂಡಿಟ್ಟುಕೊಳ್ಳುತ್ತದೆ ಅಂತ ಬಹಳ ಜನ ಹೇಳುತ್ತಾರೆ, ಅದು ತಪ್ಪು. ಚೀಲ ಬಲೆಯ ಹಾಗೆ. ಮೀನು ಬಾಚಿ, ನೀರು ಹೊರಗೆ ಬಿಟ್ಟು, ನುಂಗಿಬಿಡುತ್ತದೆ. ಚಮಚದ ಕೊಕ್ಕಿನ ಹಕ್ಕಿಯನ್ನು ಮಕ್ಕಳೇ ಗುರುತಿಸುತ್ತಾರೆ, ಹೆಸರೂ ಅವರೇ ಇಡುತ್ತಾರೆ.

ಬರಿ ಬಂಡೆಯ ಮೇಲೆ ಏನೂ ಇಲ್ಲ ಅಂತ ಕಂಡರೆ ಇನ್ನೊಮ್ಮೆ ನೋಡಿಸಿ. ಫೆಬ್ರವರಿ, ಮಾರ್ಚ್‌ನಲ್ಲಿ ನದಿ ರೀವ (ರಿವರ್ ಟರ್ನ್) ಹಕ್ಕಿ ಗೂಡೇ ಕಟ್ಟದೆ ಬಂಡೆಯ ತಗ್ಗಿನಲ್ಲಿ ಮೊಟ್ಟೆ ಇಡುತ್ತದೆ. ನೀರು ಒಂದಿಷ್ಟು ಏರಿದರೂ ಮೊಟ್ಟೆ ಹೋಯಿತು. ಇದನ್ನು ಮಕ್ಕಳಿಗೆ ಹೇಳಿ, ನಾಲ್ಕೈದು ತಿಂಗಳ ನಂತರ ಬೇಕಾಗುತ್ತದೆ.

ದಡಕ್ಕೆ ಬಂದ ತಕ್ಷಣ, ಊಟಕ್ಕೂ ಮೊದಲು, ಚಿತ್ರ ಬರೆಸಿ. ಕಾಲು ಗಂಟೆ ಸಾಕು. ಜೊತೆಗೆ ಮೂರು ಸಾಲು: ಕೊಕ್ಕು ಹೇಗಿತ್ತು, ಏನು ಮಾಡುತ್ತಿತ್ತು, ನನಗೆ ಬಂದ ಪ್ರಶ್ನೆ ಏನು. ಚಿತ್ರ ಚೆನ್ನಾಗಿಲ್ಲ ಅಂತ ಯಾರಿಗೂ ಹೇಳಬೇಡಿ. ಊಟ ಆದಮೇಲೆ ಡಬ್ಬಿ ಮುಚ್ಚಿಸಿ, ಅನ್ನದ ಅಗುಳು ಕೂಡ ಬಿಡದ ಹಾಗೆ ಎತ್ತಿಸಿ. ಕೋತಿ, ಹಕ್ಕಿಗಳಿಗೆ ನಮ್ಮ ಊಟದ ರುಚಿ ಹತ್ತಿಸಬಾರದು. ಹೊರಡುವ ಮೊದಲು ಮತ್ತೆ ಎಣಿಸಿ. ಬಸ್ಸಿನಲ್ಲಿ ಕೂತ ಮೇಲೆ ಇನ್ನೊಮ್ಮೆ.

ದೋಣಿ ನಿಂತರೆ

ಎಷ್ಟೇ ವಿಚಾರಿಸಿದರೂ ಒಂದೊಂದು ಸಲ ಹೀಗಾಗುತ್ತದೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಆದ ಕೆರೆ. ಏರಿಯ ಮೇಲೆ ನಡೆಯುತ್ತಾ ಹೆಜ್ಜಾರ್ಲೆ, ನೀರುಕಾಗೆ ನೋಡಬಹುದು. ಕಾರಂಜಿ ಕೆರೆಯೂ ಆಗುತ್ತದೆ. ಹತ್ತು ನಿಮಿಷದ ಕೆಲಸ ಎಲ್ಲಿಯಾದರೂ ಮಾಡಬಹುದು.

ಶಾಲೆಗೆ ಬಂದ ಮೇಲೆ

ಮರುದಿನವೇ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಕೆಳಗೆ ಮಕ್ಕಳ ಪ್ರಶ್ನೆ ಇರಲಿ. ಉತ್ತರ ನೀವೇ ಹೇಳಿಬಿಡಬೇಡಿ, ವಾರಕ್ಕೊಂದು ಪ್ರಶ್ನೆ ಎತ್ತಿಕೊಳ್ಳಿ. ದೋಣಿಯ ಅಣ್ಣನಿಗೆ ಮಕ್ಕಳಿಂದ ಒಂದು ಪತ್ರ ಬರೆಸಿ, ಜೊತೆಗೆ ಎರಡು ಚಿತ್ರ ಕಳಿಸಿ. ಮುಂದಿನ ವರ್ಷ ನೀವು ಹೋದಾಗ ಅವರು ನಿಮ್ಮ ಶಾಲೆಯ ಹೆಸರು ನೆನಪಿಟ್ಟುಕೊಂಡಿರುತ್ತಾರೆ.

ಎರಡನೇ ಭೇಟಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಇಟ್ಟುಕೊಳ್ಳಿ. ಅಲ್ಲಿ ದೋಣಿ ಇಲ್ಲ, ಬೇಲಿ ಇಲ್ಲ. ಮನೆ ಹಿತ್ತಲಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ ಊರವರು. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಸಾಕುತ್ತಾರೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಅಂತ ಘೋಷಿಸಿದರು. ನಮ್ಮ ಮಕ್ಕಳು ಅಲ್ಲಿಯ ಅಜ್ಜಿಯರ ಹತ್ತಿರ ಕೂತು ಮಾತಾಡಲಿ. ಹಿಕ್ಕೆಯ ವಾಸನೆ ಹೇಗೆ ಸಹಿಸಿಕೊಳ್ತೀರ ಅಂತ ಕೇಳಲಿ. ಅದು ಹೊಲಕ್ಕೆ ಗೊಬ್ಬರ ಅಂತ ಅಜ್ಜಿಯರೇ ಹೇಳುತ್ತಾರೆ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಗೋಡೆಯ ಚಿತ್ರಗಳನ್ನು ತೆಗೆಯಬೇಡಿ. ಕೆಆರ್‌ಎಸ್‌ನ ನೀರಿನ ಮಟ್ಟ ಪೇಪರಿನಲ್ಲಿ ದಿನಾ ಬರುತ್ತದೆ. ಒಬ್ಬೊಬ್ಬ ಮಗುವಿಗೆ ಒಂದೊಂದು ವಾರ ಅದನ್ನು ಕತ್ತರಿಸಿ ಚಿತ್ರದ ಪಕ್ಕ ಅಂಟಿಸುವ ಕೆಲಸ ಕೊಡಿ. 124 ಅಡಿ ದಾಟಿದ ದಿನ ತರಗತಿಯಲ್ಲಿ ಯಾರಾದರೂ ಎದ್ದು ಕೇಳುತ್ತಾರೆ: "ಸಾರ್, ಆ ಬಂಡೆ ಮುಳುಗೋಗಿರ್ತದಾ? ಆ ಮರಿಗಳು ಹಾರೋದು ಕಲ್ತಿರ್ತವಾ?" ಅವತ್ತು ಬೇರೆ ಪಾಠ ಬಿಟ್ಟು ಇದನ್ನೇ ಮಾತಾಡಿ.